ಗೂಳಿಯ ಮುಂದಿನ ಸೀಟು

ಹುಣಸೆದೊಡ್ಡಿ,
ಮಳವಳ್ಳಿ ತಾಲ್ಲೂಕು.
9-2-2025, ಭಾನುವಾರ

ಪ್ರೀತಿಯ ದೀಪಿ,

ಹೇಗಿದ್ದೀಯೆ? ಬೆಳಗಾವಿಯ ಚಳಿಗೆ ನಿನ್ನ ಮಂಡಿನೋವು ಹೆಚ್ಚಾಗಿದೆಯೆಂದು ನಿನ್ನ ತಮ್ಮ ಪುನೀತ ಹೇಳಿದ. ನಿಮ್ಮ ಯಜಮಾನರ ಬ್ಯಾಂಕಿನವರು ಈ ಸಲವಾದರೂ ಇತ್ತ ಕಡೆಗೆ ವರ್ಗ ಮಾಡುತ್ತಾರೋ, ಇಲ್ಲ ಇನ್ನೂ ಅಲ್ಲೇ ಕೊಳೆಹಾಕುತ್ತಾರೋ? ನಾವೆಲ್ಲ ಚೆನ್ನಾಗಿದ್ದೇವೆ. ಅಪ್ಪ, ಅವ್ವ, ನಮ್ಮ ಮನೆಯವರು, ನರ್ಸರಿಯಲ್ಲಿ ಟ್ರೇಗಟ್ಟಲೆ ಎದ್ದುನಿಂತಿರುವ ಕಬ್ಬಿನ ಸಸಿಗಳು, ಎಲ್ಲರೂ ಕ್ಷೇಮ. ನಮ್ಮ ಗಾಡಿ ಗೂಳಿಯಂತೂ ನಮ್ಮೆಲ್ಲರಿಗಿಂತ ಗಟ್ಟಿಯಾಗಿದೆ.

ತಡವಾಯಿತು, ಬೈಯಬೇಡ. ಗಾಡಿಯ ಫೋಟೋ ಕಳಿಸಿದಾಗ ನೀನು ಒಂದು ಪ್ರಶ್ನೆ ಕೇಳಿದ್ದೆ: "ಎಲ್ಲಾ ಹೊಸದು ಮಾಡಿಸಿದ್ದೀಯ, ಆ ಹಳೇ ಸೀಟೊಂದನ್ನು ಯಾಕೆ ಹಾಗೇ ಬಿಟ್ಟೆ?" ನಾನು ಓದಿದೆ, ನಿನ್ನ ಕಡೆ ನೀಲಿ ಗುರುತೂ ಬಂದಿರುತ್ತದೆ, ಉತ್ತರ ಮಾತ್ರ ಬರಲಿಲ್ಲ. ಆಮೇಲೆ ನೀನು ಎರಡು ಸಲ ಫೋನ್ ಮಾಡಿದಾಗಲೂ ಸಸಿ, ಮಳೆ, ಮದುವೆ ಅಂತ ಮಾತು ತೇಲಿಸಿದೆ. "ಮೋಹಿನಿಗೆ ಗಾಡಿ ಬಂದಮೇಲೆ ಕೊಬ್ಬು ಬಂದಿದೆ" ಅಂತ ನೀನು ಪುನೀತನ ಹತ್ತಿರ ಅಂದೆಯಂತೆ. ಬಂದಿರುವುದು ನಿಜ, ಅದು ಬೇರೆ ಮಾತು. ಆದರೆ ಆ ಪ್ರಶ್ನೆಗೆ ಫೋನಿನಲ್ಲಿ ಉತ್ತರ ಹೇಳಹೊರಟರೆ ನೀನು ನಡುವೆ ಬಾಯಿ ಹಾಕುತ್ತೀಯೆ. ವಾಟ್ಸಾಪಿನಲ್ಲಿ ಬರೆದರೆ ಕೈ ಮುಗಿದ ಚಿತ್ರ ಒಂದು ಕಳಿಸಿ ಮುಗಿಸಿಬಿಡುತ್ತೀಯೆ. ಅದಕ್ಕೇ ಕಾಗದ ತೆಗೆದುಕೊಂಡು ಕೂತಿದ್ದೇನೆ. ಕಾಗದ ಬರೆದು ಯಾವ ಕಾಲವಾಯಿತೋ, ಕೈ ಬರುತ್ತಿಲ್ಲ, ಅಕ್ಷರ ಕೋಳಿ ಕೆದಕಿದ ಹಾಗಿದ್ದರೆ ಸುಧಾರಿಸಿಕೊ.

ಮೊದಲು ಋಣದ ಮಾತು. ನೀನು ಅವತ್ತು ಬೆಳಗಾವಿಯಿಂದ ಫೋನ್ ಮಾಡದಿದ್ದರೆ ಗೂಳಿ ಇಷ್ಟು ಹೊತ್ತಿಗೆ ಗುಜರಿಯವನ ತಕ್ಕಡಿಯಲ್ಲಿ ಕಬ್ಬಿಣವಾಗಿ ಕೂತಿರುತ್ತಿತ್ತು. ನಿಮ್ಮ ಹಿತ್ತಲ ಹುಣಸೆಮರದ ಕೆಳಗೆ ಅದನ್ನು ನೋಡಿದವಳಿಗೆ ಗೊತ್ತು ಅದರ ಗತಿ. ನಾಲ್ಕು ಚಕ್ರವೂ ಮಣ್ಣಿಗಿಳಿದು, ಹಿಂದಿನ ಬಾಡಿಯಲ್ಲಿ ನಿಮ್ಮಮ್ಮನ ಕೋಳಿಗಳು ಕಾವಿಗೆ ಕೂತಿದ್ದವು. ಪುನೀತ ಗುಜರಿಯವನಿಗೆ ಮಾತು ಕೊಟ್ಟೂ ಆಗಿತ್ತು. ನೀನು ಅವನಿಗೆ, "ಮೋಹಿನಿ ಸಸಿ ಸಾಗಿಸೋಕೆ ಗಾಡಿ ಹುಡುಕ್ತಾ ಇದ್ದಾಳೆ, ಗುಜರಿಯವನು ಕೊಡೋದನ್ನೇ ಅವಳ ಹತ್ರ ಇಸ್ಕೊಂಡು ಕೊಡು" ಅಂದೆಯಂತೆ. ಅವನು ಮುಖ ಊದಿಸಿಕೊಂಡೇ ನಮ್ಮ ಮನೆ ಹತ್ತಿರ ಬಂದ. "ಮೋಹಿನಕ್ಕ, ನಂದೇನಿಲ್ಲ, ಅಕ್ಕ ಏಳವ್ಳೆ ಅಂತ ಕೊಡ್ತಾ ಇವ್ನಿ. ನಾಳೀಕೆ ರೋಡ್ನಲ್ಲಿ ನಿಂತೋದ್ರೆ ನನ್ ಬೈಬೇಡಿ" ಅಂದ. ಪಾಪ, ಒಳ್ಳೆಯ ಹುಡುಗ.

ನನಗೆ ಗಾಡಿ ಬೇಕಾಗಿತ್ತು ಅನ್ನುವುದು ನಿಜ. ಬಾಡಿಗೆ ಆಟೋದವರು ಬೆಳಿಗ್ಗೆ ಬರುತ್ತೇನೆಂದು ಮಧ್ಯಾಹ್ನ ಬಂದು, ಸಸಿಯೆಲ್ಲ ಬಿಸಿಲಿಗೆ ಬಾಡಿ, ತಗೊಂಡ ರೈತರು ನನ್ನ ಮೇಲೆ ಎಗರಾಡುತ್ತಿದ್ದರು. ಆದರೆ ಗಾಡಿ ಬೇಕಾದವರು ಮಂಡ್ಯಕ್ಕೆ ಹೋಗಿ ಷೋರೂಮಿನಲ್ಲಿ ಸಾಲದ ಮೇಲೆ ಹೊಸದು ತರುತ್ತಾರೆ. ನಮ್ಮ ಮನೆಯವರೂ ಅದನ್ನೇ ಹೇಳಿದರು. ಶಿವರಾಮು ಎಷ್ಟಾದರೂ ಬ್ಲಫ್‌ನ ಕರೆಂಟ್ ತಯಾರಿಸುವ ಪವರ್ ಹೌಸಿನಲ್ಲಿ ಕೆಲಸ ಮಾಡುವ ಮನುಷ್ಯ, ಅವರಿಗೆ ಯಂತ್ರ ಅಂದರೆ ಗುಂಡಿ ಒತ್ತಿದ ತಕ್ಷಣ ತಿರುಗಬೇಕು. "ಅಲ್ಲ ಮೋಹಿನಿ, ಕೋಳಿಗೂಡು ತಗಂಡು ಏನ್ ಮಾಡೀಯೆ?" ಅಂದರು. ನಾನು, "ನಂಗೆ ಅದೇ ಬೇಕು" ಅಂದೆ. ಯಾಕೆ ಅಂತ ಅವರು ಕೇಳಲಿಲ್ಲ. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ, ಯಾವಾಗ ಕೇಳಬಾರದು ಅನ್ನುವುದು ಅವರಿಗೂ ಗೊತ್ತಾಗಿದೆ.

ನಿನಗೆ ನೆನಪಿದೆಯಲ್ಲ ಗೂಳಿ ಊರಿಗೆ ಬಂದ ದಿನ? ನಿಮ್ಮಪ್ಪಾಜಿ ಹಳೇ ಜೀಪೊಂದನ್ನು ತಂದು, ಮಂಡ್ಯದಲ್ಲಿ ಅದರ ಬೆನ್ನು ಕತ್ತರಿಸಿ, ಚಾಸಿ ಉದ್ದ ಮಾಡಿಸಿ, ಮತ್ತಿಮರದ ಹಲಗೆಯ ಬಾಡಿ ಕಟ್ಟಿಸಿಕೊಂಡು ಬಂದಿದ್ದರು. ಮೂತಿ ಜೀಪಿನದು, ಬಾಲ ಲಾರಿಯದು. ಸುತ್ತಲ ಹಳ್ಳಿಯಲ್ಲೆಲ್ಲ ಅಂಥ ಇನ್ನೊಂದು ಗಾಡಿ ಇರಲಿಲ್ಲ. ಅದರ ಹಾರನ್ನು ಗೂಳಿ ಗುಟುರು ಹಾಕಿದ ಹಾಗೆ ಕೇಳಿಸುತ್ತಿತ್ತು ಅಂತ ನಾವಿಬ್ಬರೇ ಅದಕ್ಕೆ ಆ ಹೆಸರಿಟ್ಟದ್ದು. ಆಮೇಲೆ ಊರೇ ಹಾಗೆ ಕರೆಯಿತು. ಆ ಗಾಡಿಗೆ ಬೆಲ್ಲದ ಮೂಟೆ, ಗೊಬ್ಬರ, ಕಬ್ಬಿನ ಸೋಗೆ ಎಲ್ಲವನ್ನೂ ಏರಿಸಿ ಇಳಿಸಿದವನು ನಮ್ಮಪ್ಪ. ದೊಡ್ಡಸಿದ್ದಯ್ಯ ಇಲ್ಲದೆ ಗೂಳಿ ಹೊರಡುತ್ತಿರಲಿಲ್ಲ. ಮೂಟೆಯ ಮೇಲೆ ಕೂತು, ತಲೆಗೆ ಟವಲು ಸುತ್ತಿಕೊಂಡು, ಊರಿನ ಎಲ್ಲರಿಗಿಂತ ಎತ್ತರದಲ್ಲಿ ಹೋಗುತ್ತಿದ್ದ ಅಪ್ಪನನ್ನು ನೋಡಿ ಚಿಕ್ಕವಳಿದ್ದಾಗ ನನಗೆ ಎಷ್ಟು ಜಂಬ ಅಂತೀಯೆ.

ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ನಮ್ಮ ಕಾಲೋನಿಗೆ ತಂದು ನಿಲ್ಲಿಸಿದಾಗ ಅಪ್ಪ ಅದರ ಸುತ್ತ ಒಂದು ಸುತ್ತು ಬಂದ. ಹಿಂದಿನ ಡೋರಿನ ಕೊಂಡಿಯನ್ನು ಸವರಿ, "ಬಂದ್ಯೇನಪ್ಪ ನಮ್ಮನೀಗೆ" ಅಂದ, ದನವನ್ನು ಮಾತಾಡಿಸಿದ ಹಾಗೆ. ನಾನು ಅವತ್ತೇ ಹೇಳಿಬಿಟ್ಟೆ: "ಅಪ್ಪ, ಗಾಡಿ ರಿಪೇರಿ ಆಗಿ ಬರೋ ದಿನ ನೀನು ಮುಂದೆ, ನನ್ ಪಕ್ಕ ಕೂತ್ಕಬೇಕು." ಅಪ್ಪ ಕೊಂಡಿಯನ್ನೇ ನೋಡುತ್ತಾ, "ನೋಡಾನ ತಗಾ" ಅಂದ. ಅಪ್ಪನ "ನೋಡಾನ" ಅಂದರೆ "ಇಲ್ಲ" ಅಂತ. ಅವನು ಯಾವ ಗಾಡಿಯಲ್ಲೂ ಮುಂದೆ ಕೂರುವವನಲ್ಲ. ನನ್ನ ಮದುವೆಯ ದಿನ ಕಾರಿನಲ್ಲಿ ಮುಂದೆ ಕೂರು ಅಂದರೆ ಹಿಂದೆ ಬರುತ್ತಿದ್ದ ಟೆಂಪೋ ಹತ್ತಿದ್ದ. ಕೇಳಿದರೆ, ಹಿಂದೆ ಗಾಳಿ ಚೆನ್ನಾಗಿ ಬರುತ್ತದಂತೆ. ಮುಂದೆ ಕೂತರೆ ಮಂಡಿ ಮಡಚಲು ಆಗುವುದಿಲ್ಲವಂತೆ. ಹಿಂದೆ ಕುಕ್ಕರಗಾಲಿನಲ್ಲಿ ಕೂತರೆ ಮಾತ್ರ ಮಂಡಿ ಚೆನ್ನಾಗಿ ಮಡಚುತ್ತದೆ, ನೋಡು!

ನನಗೋ ಇದೊಂದೇ ಹಟ. ಸಸಿ ಸಾಗಿಸುವುದು ಆಮೇಲಿನದು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರಲ್ಲ, ಅದಕ್ಕೆ ಹಳೇ ಗಾಡಿ ತಗೊಂಡು ನೋಡು ಅನ್ನುವುದನ್ನೂ ಸೇರಿಸಬೇಕು. ಮದ್ದೂರಿನ ಚಲುವರಾಜು ಅನ್ನುವ ಮೆಕ್ಯಾನಿಕ್ ಬಾನೆಟ್ ಎತ್ತಿದವನೇ ಕೆಳಗಿಳಿಸಿ, "ಅಕ್ಕ, ಕಾಫಿ ಕುಡ್ಯಾಣ ಬನ್ನಿ" ಅಂದ. ಡಾಕ್ಟರು ಹೊರಗೆ ಬಂದು ಮನೆಯವರ ಹೆಗಲ ಮೇಲೆ ಕೈ ಇಡುತ್ತಾರಲ್ಲ, ಹಾಗೆ. ವೈರನ್ನೆಲ್ಲ ಇಲಿ ತಿಂದಿತ್ತು. ಡೀಸೆಲ್ ಟ್ಯಾಂಕಿನಲ್ಲಿ ತುಕ್ಕು ಬಿಟ್ಟರೆ ಇನ್ನೇನಿರಲಿಲ್ಲ. ಕ್ಲಚ್ ಪ್ಲೇಟು ಹಪ್ಪಳವಾಗಿತ್ತು. ಒಂದೊಂದು ಸಾಮಾನಿಗೂ ಅವನು ಮಂಡ್ಯ, ಮೈಸೂರು ಅಂತ ಹಳೇ ಜೀಪುಗಳ ಹೆಣ ಹುಡುಕಿಕೊಂಡು ಅಲೆದ. ನಾನು ದಿನ ಬಿಟ್ಟು ದಿನ ಹೋಗಿ ಜಗಳವಾಡಿದೆ. ಅವನು ಒಂದು ದಿನವೂ ತಿರುಗಿ ಮಾತಾಡಲಿಲ್ಲ. "ಅಕ್ಕ, ನೀವ್ ಬೈದಷ್ಟೂ ಅದು ಬೇಗ ಎದ್ದೇಳ್ತದೆ, ಬೈಯಿರಿ" ಅನ್ನುತ್ತಿದ್ದ. ಇಂಜಿನ್ ಮೊದಲ ಸಲ ಹತ್ತಿಕೊಂಡು ಕಪ್ಪು ಹೊಗೆ ಉಗುಳಿದ ದಿನ ಷೆಡ್ಡಿನಲ್ಲಿದ್ದ ಎಲ್ಲರಿಗೂ ಅವನೇ ಬಾಳೆಹಣ್ಣು ಹಂಚಿದ. ಅವನ ಕೈ ತಣ್ಣಗಿರಲಿ.

ಬಾಡಿಯ ಕೆಲಸ ಮಂಡ್ಯದಲ್ಲಾಯಿತು. ಹಲಗೆ ಅರ್ಧಕ್ಕರ್ಧ ಗೆದ್ದಲು ತಿಂದಿದ್ದವು, ಉಳಿದದ್ದು ಕಲ್ಲಿನ ಹಾಗಿತ್ತು, ಅದನ್ನು ಉಳಿಸಿಕೊಂಡೆ. ಟ್ರೇಗಳನ್ನು ಅಂತಸ್ತು ಅಂತಸ್ತಾಗಿ ಇಡಲು ಕಬ್ಬಿಣದ ಚೌಕಟ್ಟು ಹೊಡೆಸಿ, ಮೇಲೆ ಹಸಿರು ನೆರಳು ಬಲೆ ಹಾಕಿಸಿದ್ದೇನೆ. ಈಗ ಸಸಿಗಳು ಒಳಗೆ ಮದುವೆಮನೆಯ ಹೆಂಗಸರ ಹಾಗೆ ತಣ್ಣಗೆ ಕೂತು ಹೋಗುತ್ತವೆ. ಆರ್‌ಟಿಓ ಆಫೀಸಿನಲ್ಲಿ ಎಫ್‌ಸಿ ಮಾಡಿಸುವಾಗ ಇನ್ಸ್‌ಪೆಕ್ಟರು ಗಾಡಿಯ ಸುತ್ತ ತಿರುಗಿ, "ಇದು ಯಾವ ಜಾತಿ ಗಾಡಿಯಮ್ಮ?" ಅಂದರು. ನನಗೆ ಸಿಟ್ಟು ಬಂತೋ ನಗು ಬಂತೋ ತಿಳಿಯಲಿಲ್ಲ. "ಬೆರಕೆ ಸಾರ್, ಅದಕ್ಕೇ ಗಟ್ಟಿಯಾಗಿದೆ" ಅಂದೆ.

ಪೇಂಟರ್ ಸಿದ್ದರಾಮು ಹಿಂದಿನ ಡೋರಿನಲ್ಲಿದ್ದ ನಿನ್ನ ಮತ್ತು ಪುನೀತನ ಹೆಸರನ್ನು ಉಜ್ಜಿ ತೆಗೆಯುವಾಗ ನಿನಗೆ ಬೇಜಾರಾಗುತ್ತದೇನೋ ಅಂದುಕೊಂಡೆ. ಮಾರಿದ ಗಾಡಿಯ ಮೇಲೆ ಮಕ್ಕಳ ಹೆಸರು ಯಾರು ಬಿಡುತ್ತಾರೆ, ಅಲ್ಲವಾ. ಆ ಜಾಗದಲ್ಲಿ "ದೊಡ್ಡಸಿದ್ದಯ್ಯ ಮತ್ತು ಮಗಳು, ಸಸಿ ವ್ಯಾಪಾರ" ಅಂತ ಬರೆಸಿದ್ದೇನೆ. ಅಪ್ಪ ಅದನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿ, "ನನ್ನೆಸ್ರು ಯಾಕವ್ವ ಬರ್ಸೋಕೋದೆ, ನೋಡ್ದೋರು ಏನಂದಾರು" ಅಂದ. ಸಂಜೆ ನೋಡಿದರೆ ಟವಲಿನಿಂದ ಆ ಡೋರನ್ನು ಮಾತ್ರ ಒರೆಸುತ್ತಿದ್ದ.

ಇನ್ನು ಆ ಸೀಟು. ಚಲುವರಾಜುವೂ ನಿನ್ನ ಹಾಗೇ ಕೇಳಿದ. "ಅಕ್ಕ, ಈ ಉದ್ದನೆ ಸೀಟ್ ಕಿತ್ತಾಕಿ, ಕಾರಿಂದು ತಂದು ಆಕಾಣ, ಸೊಂಟಕ್ಕೆ ಒಳ್ಳೇದು" ಅಂದ. ಬೇಡವೆಂದೆ. ಕುಷನ್ ಅಂಗಡಿಯವನು ರೆಕ್ಸಿನ್ನಾದರೂ ಬದಲಿಸೋಣ ಅಂದ. ಬೇಡವೆಂದೆ. ಹರಿದ ಕಡೆ ಅದೇ ಕಾಫಿ ಬಣ್ಣದ ತುಂಡು ಹಾಕಿ ಹೊಲಿಸಿದೆ, ಅಷ್ಟೆ. ಯಾಕೆ ಅನ್ನುವುದಕ್ಕೆ ಬರುತ್ತೇನೆ, ತಾಳು.

(ಇಲ್ಲಿಗೆ ನಿಲ್ಲಿಸಿ ಎದ್ದಿದ್ದೆ. ಚಿಕ್ಕರಸಿನಕೆರೆಯಿಂದ ಸಸಿಗೆ ಬಂದಿದ್ದರು. ಇವತ್ತು ಮಂಗಳವಾರ.)

ಗಾಡಿ ತರುವ ದಿನ ಅಪ್ಪನನ್ನು ಬಸ್ಸಿನಲ್ಲಿ ಕರೆದುಕೊಂಡು ಮದ್ದೂರಿಗೆ ಹೋದೆ. ಅವನು ಬಿಳೀ ಪಂಚೆ ಉಟ್ಟು, ಹೊಸ ಟವಲು ಹೆಗಲ ಮೇಲೆ ಹಾಕಿಕೊಂಡು ಬಂದಿದ್ದ. ನಾನು ಡ್ಯಾಷ್‌ಬೋರ್ಡಿನ ಮೇಲೆ ಪುಟ್ಟ ಬುದ್ಧನನ್ನು ಅಂಟಿಸಿದೆ. ಅವ್ವ ಚಕ್ರಕ್ಕೆ ಇಡಲು ನಿಂಬೆಹಣ್ಣು ಕಳಿಸಿದ್ದಳು, ಅವನ್ನೂ ಇಟ್ಟೆ. ಬುದ್ಧನೂ ಬೇಕು ನಿಂಬೆಹಣ್ಣೂ ಬೇಕು, ನಮ್ಮ ಮನೆಯ ವಿಷಯ ನಿನಗೆ ಗೊತ್ತಿರುವುದೇ. ಡ್ರೈವರ್ ಸೀಟಿಗೆ ಹತ್ತಿ ಪಕ್ಕದ ಬಾಗಿಲು ತೆಗೆದು, "ಬಾಪ್ಪ" ಅಂದೆ. ಆಳೇ ಇಲ್ಲ. ಕನ್ನಡಿಯಲ್ಲಿ ನೋಡಿದರೆ ಹಿಂದೆ, ಖಾಲಿ ಚೌಕಟ್ಟುಗಳ ನಡುವೆ ಕಂಬಿ ಹಿಡಿದುಕೊಂಡು ಕೂತಿದ್ದಾನೆ!

"ಅಪ್ಪ, ಇಳಿ. ಮುಂದೆ ಬಾ."

"ಟ್ರೇ ಇಡೋ ಕಂಬಿ ಅಲ್ಲಾಡ್ತದೋ ಏನೋ ನೋಡ್ಕಬೇಕು ಕಣ್ ಮಗ. ನೀ ಓಡ್ಸು, ನಾ ಇಲ್ಲೇ ಇರ್ತೀನಿ."

ಬಂದ ಕೋಪಕ್ಕೆ ಕ್ಲಚ್ ಬಿಟ್ಟೆ. ಚಲುವರಾಜು ನೋಡಿಯೂ ನೋಡದವನ ಹಾಗೆ ಸ್ಪಾನರ್ ಒರೆಸುತ್ತಿದ್ದ. ಹಟಮಾಡಿ ಉಳಿಸಿಕೊಂಡ ಸೀಟು ಪಕ್ಕದಲ್ಲಿ ಖಾಲಿ ಅಲ್ಲಾಡುತ್ತಿತ್ತು ದೀಪಿ. ಇಷ್ಟೆಲ್ಲ ಮಾಡಿ ಏನು ಸುಖ ಅನ್ನಿಸಿತು.

ಆದರೆ ಊರು ದಾಟುವ ಮೊದಲೇ ಪೊಲೀಸಿನವರು ಕೈ ಅಡ್ಡ ಹಾಕಿದರು. ಕಾಗದಪತ್ರ ಎಲ್ಲ ಸರಿಯಿತ್ತು. ಆ ಕಾನ್‌ಸ್ಟೇಬಲ್ಲು ಹಿಂದೆ ಇಣುಕಿ, "ಏನಮ್ಮ, ಗೂಡ್ಸ್ ಗಾಡೀಲಿ ಜನ ಕೂರಿಸ್ಕಂಡ್ ಓಯ್ತಿದ್ದೀರಿ?" ಅಂದ.

"ನಮ್ಮಪ್ಪ ಸಾರ್."

"ಅಪ್ಪ ಆದ್ರೂ ಅಷ್ಟೆ, ತಾತ ಆದ್ರೂ ಅಷ್ಟೆ. ಇಂದೆ ಮನುಸ್ರು ಕೂರಂಗಿಲ್ಲ. ಏನ್ ಯಜಮಾನ್ರೆ, ಮುಂದೆ ಸೀಟ್ ಖಾಲಿ ಮಡೀಕಂಡು ಇಂದೆ ಮುದುರ್ಕಂಡಿದ್ದೀರಲ್ಲ, ಮಗ್ಳ ಮೇಲೆ ಮುನಿಸಾ? ಇಳೀರಿ, ಮುಂದೆ ಕೂತ್ಕಳಿ."

"ಸಾರ್, ಇನ್ನೊಂದ್ಸಲ ಸ್ವಲ್ಪ ಜೋರಾಗಿ ಹೇಳಿ" ಅಂದೆ. ಅವನು ನನ್ನ ಮುಖ ನೋಡಿದ. ಏನರ್ಥವಾಯಿತೋ, "ಮುಂದೆ ಕೂರ್ದಿದ್ರೆ ಗಾಡಿ ಸ್ಟೇಷನ್ಗೆ" ಅಂತ ನಿಜವಾಗಿಯೂ ಗದರಿದ. ಕಾನೂನಿಗೆ ಅಪ್ಪ ಯಾವತ್ತೂ ಎದುರಾಡಿದವನಲ್ಲ. ಇಳಿದು ಬಂದ. ಆ ಕಾನ್‌ಸ್ಟೇಬಲ್ಲಿನ ಹೆಸರು ಕೇಳುವುದು ಮರೆತೆ, ಈಗಲೂ ಬೇಜಾರಿದೆ. ಅವನ ಹೆಂಡತಿ ಮಕ್ಕಳು ಚೆನ್ನಾಗಿರಲಿ.

ಅಪ್ಪ ಹತ್ತುವ ಮೊದಲು ಚಪ್ಪಲಿ ಬಿಟ್ಟು ಕೈಯಲ್ಲಿ ಹಿಡಿದುಕೊಂಡ. ಆಮೇಲೆ ಹೆಗಲ ಮೇಲಿನ ಹೊಸ ಟವಲು ತೆಗೆದು ಸೀಟಿನ ಮೇಲೆ ಹಾಸಿದ. ಅದರ ಮೇಲೆ, ಬಾಗಿಲಿಗೆ ಒತ್ತಿಕೊಂಡು, ಅರ್ಧ ಸೀಟಿನಲ್ಲಿ ಕೂತ. ಕೂತನಲ್ಲ, ಸಾಕು ಅಂದುಕೊಂಡೆ. ಭಾರತೀನಗರ ದಾಟಿದ ಮೇಲೆ ಸ್ವಲ್ಪ ಸಡಿಲವಾದ. ಗದ್ದೆಗಳನ್ನು ನೋಡುತ್ತಾ, ಇದು ಯಾರ ಕಬ್ಬು, ಅದು ಯಾರ ಭತ್ತ ಅಂತ ಹೇಳುತ್ತಾ ಬಂದ. "ಇಲ್ಲಿಂದ ಎಲ್ಲಾ ಬೇರೆ ತರ ಕಾಣ್ತದೆ ಕಣವ್ವ" ಅಂದ. ಮೂಟೆಯ ಮೇಲೆ ಕೂತವನಿಗೆ ಇಷ್ಟು ವರ್ಷವೂ ದಾಟಿಹೋದ ದಾರಿಯೇ ಕಾಣುತ್ತಿತ್ತಂತೆ, ಮುಂದೆ ಬರುವ ದಾರಿಯನ್ನು ಕಣ್ತುಂಬ ನೋಡಿದ್ದು ಇದೇ ಮೊದಲಂತೆ. ನಾನು ಸ್ಟೀರಿಂಗು ಬಿಗಿಯಾಗಿ ಹಿಡಿದುಕೊಂಡೆ.

ನಮ್ಮೂರಿನ ಹಾಲಿನ ಡೇರಿ ಬಂತು. "ನಿಲ್ಸು ಮಗ" ಅಂದ. ಯಾಕೆ ಅಂದರೆ, "ಕಾಲು ಇಡ್ಕಂಡದೆ, ಇಲ್ಲಿಂದ ನಡ್ಕಂಡ್ ಬತ್ತೀನಿ. ನೀನ್ ಓಗಿರು." ಕಾಲು ಹಿಡಿದದ್ದಲ್ಲ. ಡೇರಿಯಾದ ಮೇಲೆ ನಿಮ್ಮ ಬೀದಿ, ನಿಮ್ಮ ಮನೆ, ನಿಮ್ಮ ಜಗಲಿ. ಅದರ ಮುಂದೆ ಈ ಗಾಡಿಯ ಮುಂದಿನ ಸೀಟಿನಲ್ಲಿ ಕೂತು ಹೋಗಲು ಅವನಿಗೆ ಆಗದು. ಇಳಿದ. ಟವಲು ಕೊಡವಿ ಹೆಗಲಿಗೆ ಹಾಕಿಕೊಂಡ. ನಾನೇನು ಹೋಗುವವಳೇ? ಮೊದಲ ಗೇರಿನಲ್ಲಿ, ಅವನ ಹಿಂದೆಯೇ, ಹೆಣದ ಹಿಂದೆ ಹೋಗುವ ಹಾಗೆ ತೆವಳಿಸಿಕೊಂಡು ಹೋದೆ. ಅಳು ಬರುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಕೋಪ. ಮೊದಲ ದಿನವೇ ಹೀಗಾದರೆ ಇನ್ನು ಈ ಜನ್ಮದಲ್ಲಿ ಅಪ್ಪ ಆ ಸೀಟಿಗೆ ಬರುವುದಿಲ್ಲ ಅಂತ ಖಾತ್ರಿಯಾಗಿ ಹೋಯಿತು.

ನಿಮ್ಮಪ್ಪಾಜಿ ಜಗಲಿಯಲ್ಲಿ ಕೋಲು ಹಿಡಿದು ಕೂತಿದ್ದರು. ಅಪ್ಪ ಮುಂದೆ ನಡೆದು ಬರುವುದನ್ನೂ ಹಿಂದೆ ಗೂಳಿ ತೆವಳುವುದನ್ನೂ ನೋಡಿ, ಕೂತಲ್ಲಿಂದಲೇ ಕೂಗಿದರು:

"ಏನ್ಲಾ ಸಿದ್ದ, ನಡ್ಕಂಡ್ ಬತ್ತಾ ಇದ್ದೀಯೆ? ಗಾಡಿ ಕೆಟ್ಟೋಯ್ತಾ? ನಂಗೊತ್ತಿತ್ತು ಕಣ್ಲಾ, ಅದು ಇನ್ ಎದ್ದೇಳಾಕಿಲ್ಲ ಅಂತ!"

ಅಪ್ಪ ನಿಂತುಬಿಟ್ಟ. ಅವನ ಕಿವಿ ಕೆಂಪಾದದ್ದು ನನಗೆ ಗಾಜಿನಿಂದಲೇ ಕಂಡಿತು.

"ಕೆಡದಾ? ಏನ್ ಗೌಡ್ರೆ ಇಂಗಂತೀರಿ! ಮದ್ದೂರಿಂದ ಇಲ್ಗಂಟ ಒಂದ್ ಕಿತ ಕೆಮ್ಮಿಲ್ಲ ಅದು! ನನ್ ಮಗ್ಳು ನಿಂತು ರಿಪೇರಿ ಮಾಡ್ಸವ್ಳೆ!"

"ಮತ್ತೆ ನೀನ್ಯಾಕ್ಲಾ ನಡ್ಕಂಡ್ ಬತ್ತಿದ್ದೀಯೆ?"

ಅಷ್ಟು ಹೊತ್ತಿಗೆ ಎದುರು ಮನೆಯವರೂ ಹೊರಗೆ ಬಂದು, "ನಿಂತೋಯ್ತಂತೆ, ತಳ್ಬೇಕಾ?" ಅನ್ನುತ್ತಿದ್ದರು. ಅಪ್ಪ ಎಲ್ಲರನ್ನೂ ಒಂದು ಸಲ ನೋಡಿದ. ತಿರುಗಿ ಬಂದ. ಬಾಗಿಲು ಎಳೆದ. ಟವಲು ಹೆಗಲ ಮೇಲೇ ಇತ್ತು, ಚಪ್ಪಲಿ ಕಾಲಲ್ಲೇ ಇತ್ತು. ಹತ್ತಿ, ಬೆನ್ನು ಪೂರ್ತಿ ಒರಗಿಸಿ, ಆ ಸೀಟಿನಲ್ಲಿ ಕೂತ.

"ಓಡ್ಸವ್ವ. ಕೆಟ್ಟೋಗದೆ ಅಂತ ತಿಳ್ಕಂಬುಟ್ಟವ್ರೆ ಎಲ್ರೂವೆ. ಆರನ್ ಒಡಿ."

ಹೊಡೆದೆ ನೋಡು! ಗೂಳಿ ಗುಟುರು ಹಾಕಿದ್ದಕ್ಕೆ ನಿಮ್ಮ ಮನೆಯ ಪಾರಿವಾಳವೆಲ್ಲ ಎದ್ದು ಹಾರಿದವು. ನಿಮ್ಮಪ್ಪಾಜಿ, "ಅಂಗಾರೆ ಸರಿ ಬುಡು" ಅಂತ ಕೋಲು ಎತ್ತಿ ಆಡಿಸಿದರು. ಅವರ ಮುಖದಲ್ಲಿ ನಗುವಿತ್ತು. ಬೇಕೆಂದೇ ಕೇಳಿದರೋ, ನಿಜವಾಗಿ ಕೆಟ್ಟಿತೆಂದೇ ತಿಳಿದರೋ ನನಗೆ ಗೊತ್ತಿಲ್ಲ, ಕೇಳುವುದೂ ಇಲ್ಲ. ಅವರ ಬಾಯಿಂದ ಆ ಮಾತು ಬಂದದ್ದಕ್ಕೆ ಅವರಿಗೂ ಒಂದು ನಮಸ್ಕಾರ.

ಮನೆಯ ಮುಂದೆ ಅವ್ವ ಆರತಿ ಹಿಡಿದು ನಿಂತಿದ್ದಳು. ಅಪ್ಪ ಮುಂದಿನಿಂದ ಇಳಿದದ್ದನ್ನು ನೋಡಿ ಆರತಿ ಎತ್ತುವುದನ್ನೇ ಮರೆತಳು. ಆದರೆ ನಮ್ಮವ್ವ ಮಂಚಮ್ಮ ಅಲ್ಲವಾ, ಬಾಯಿ ಸುಮ್ಮನಿರಲಿಲ್ಲ. "ಅಬ್ಬಾ, ಮಾರಾಜ್ರು ಬಂದ್ರು! ಇಳೀರಿ, ನಾನೂ ವಸಿ ಕೂತ್ಕತೀನಿ" ಅಂತ ಆರತಿ ತಟ್ಟೆಯನ್ನು ನನ್ನ ಕೈಗೆ ಕೊಟ್ಟು ಹತ್ತಿಯೇ ಬಿಟ್ಟಳು.

ಈಗ ಅಪ್ಪನ ದೌಲತ್ತು ಹೇಳಬಾರದು. ನಾನು ಬೀಗದಕೈ ಹುಡುಕುವಷ್ಟರಲ್ಲಿ ಅವನು ಮುಂದೆ ಕೂತು ಹಾರನ್ ಹೊಡೆಯುತ್ತಿರುತ್ತಾನೆ. ಮೊನ್ನೆ ಮಂಡ್ಯಕ್ಕೆ ಸಸಿ ತಗೊಂಡು ಹೋದಾಗ ದಾರಿಯುದ್ದಕ್ಕೂ ನನಗೆ ಗಾಡಿ ಓಡಿಸುವುದನ್ನು ಕಲಿಸಿದ, ಜನ್ಮದಲ್ಲಿ ಸ್ಟೀರಿಂಗು ಮುಟ್ಟದವನು. "ಗೇರ್ ಬದ್ಲಾಯ್ಸು", "ಎಮ್ಮೆ ಬತ್ತಾ ಅದೆ", "ಅಷ್ಟ್ ಬಿರ್ರನೆ ಯಾಕೆ". ನಮ್ಮ ಮನೆಯವರು ರಜೆಯ ದಿನ ಬಂದು ಮುಂದೆ ಕೂರಲು ಹೋದರೆ, "ಅಳಿಯಂದ್ರೆ, ನೀವ್ ಬೈಕ್ನಲ್ಲಿ ಬನ್ನಿ" ಅಂದ. ಶಿವರಾಮು ಪಾಪ, ಬೈಕಿನಲ್ಲಿ ಬಂದರು.

ದೀಪಿ, ನೀನು ಮಾಡಿದ ಉಪಕಾರ ಗಾಡಿ ಕೊಡಿಸಿದ್ದಲ್ಲ. ನಿನಗೆ ಗೊತ್ತಿದ್ದು ಮಾಡಿದೆಯೋ ಗೊತ್ತಿಲ್ಲದೆ ಮಾಡಿದೆಯೋ, ನಮ್ಮಪ್ಪ ಎದೆ ಚಾಚಿ ಕೂತದ್ದನ್ನು ನಾನು ಕಣ್ಣಾರೆ ನೋಡಿದೆ. ಅದಕ್ಕೆ ಏನು ಕೊಟ್ಟರೂ ಕಡಿಮೆಯೇ. ನಿನ್ನ ಹೊಟ್ಟೆ ತಣ್ಣಗಿರಲಿ. ನಿನ್ನ ಮಗಳ ಪರೀಕ್ಷೆ ಚೆನ್ನಾಗಿ ಆಗಲಿ. ಅವ್ವ ನಿನಗೆ ರಾಗಿಹಿಟ್ಟು, ಹುರುಳಿಕಾಳು ಕಟ್ಟಿಟ್ಟಿದ್ದಾಳೆ. "ನಮ್ ದೀಪಮ್ಮುನ್ಗೆ ಒಳ್ಳೇದಾಗ್ಲಿ ಅಂತ ಬರಿ" ಅಂತ ಪಕ್ಕದಲ್ಲೇ ಕೂತು ಹೇಳುತ್ತಿದ್ದಾಳೆ. ಅಪ್ಪ ಏನು ಬರೆಯಲಿ ಅಂದರೆ, "ಗಾಡಿ ಚೆನ್ನಾಗದೆ ಅಂತ ಬರಿ" ಅಂದ.

ಇಂತಿ ನಿನ್ನ,
ಮೋಹಿನಿ

ತಾ.ಕ.: ಸೀಟಿನ ವಿಷಯ. ಅವ್ವ ಎದ್ದುಹೋಗಲಿ ಅಂತ ಕಾಯುತ್ತಿದ್ದೆ.

ಹತ್ತನೇ ಕ್ಲಾಸಿನ ಕೊನೆಯ ಪರೀಕ್ಷೆ ದಿನ ಮಳವಳ್ಳಿಯಲ್ಲಿ ನನಗೆ ಜ್ವರ ಬಂದಿತ್ತು. ನಿನ್ನನ್ನು ಕರೆದುಕೊಂಡು ಹೋಗಲು ನಿಮ್ಮಪ್ಪಾಜಿ ಗೂಳಿ ತಂದಿದ್ದರು, ನನ್ನನ್ನು ಕರೆಯಲು ಅಪ್ಪ ಬಸ್ಸಿನಲ್ಲಿ ಬಂದಿದ್ದ. ನೀನು ಹಟ ಮಾಡಿ ನನ್ನನ್ನೂ ಅಪ್ಪನನ್ನೂ ಇಕ್ಕಟ್ಟಿನಲ್ಲೇ ಮುಂದೆ ಕೂರಿಸಿಕೊಂಡೆ. ನಿನ್ನ ವೇಲನ್ನು ನನಗೆ ಹೊದಿಸಿದೆ. ಅಪ್ಪ ಕಿಟಕಿಯ ಪಕ್ಕ ಕೂತಿದ್ದ, ನಾನು ಅವನಿಗೆ ಒರಗಿ ನಿದ್ದೆ ಹೋಗಿದ್ದೆ. ನಿಮ್ಮಪ್ಪಾಜಿ ಏನೂ ಅನ್ನಲಿಲ್ಲ, ಆ ಮಾತು ಹೇಳಲೇಬೇಕು. ಆದರೆ ಅಪ್ಪ ಮುಂದಿನಿಂದ ಇಳಿದದ್ದನ್ನು ಜಗಲಿಯಲ್ಲಿದ್ದ ನಿಮ್ಮ ತಾತ ಬೋರಯ್ಯನವರು ನೋಡಿದರು.

ಮಾರನೇ ದಿನ ಬೆಳಿಗ್ಗೆ ವೇಲನ್ನು ವಾಪಸ್ ಕೊಡಲು ನಿಮ್ಮ ಮನೆಗೆ ಬಂದೆ. ಕೆಲಸಕ್ಕೆ ಅಂತ ಅಪ್ಪನೂ ಜೊತೆಗಿದ್ದ. ಗೂಳಿಯ ಬಾಗಿಲು ತೆಗೆದಿತ್ತು. ನಿಮ್ಮ ತಾತ ನಿಂತು ಹೇಳಿ ಮಾಡಿಸುತ್ತಿದ್ದರು, ನೀನು ಬಕೆಟ್ಟಿನಿಂದ ಆ ಸೀಟಿಗೆ ನೀರು ಹುಯ್ದು ತೊಳೆಯುತ್ತಿದ್ದೆ. ನೀನು ನಮ್ಮನ್ನು ನೋಡಲಿಲ್ಲ. ಅಪ್ಪ ನನ್ನ ಭುಜ ಹಿಡಿದು, "ನಡಿಯವ್ವ, ಆಮೇಲ್ ಬರಾನ" ಅಂದ. ಅವತ್ತಿನಿಂದ ಅವನು ಯಾವ ಗಾಡಿಯಲ್ಲೂ ಮುಂದೆ ಕೂರಲಿಲ್ಲ.

ಸಂಜೆ ಒಬ್ಬಳೇ ಬಂದು ವೇಲು ಕೊಟ್ಟೆ. ನೀನು ಅದನ್ನು ಒಗೆಯಲು ಹಾಕುತ್ತೀಯೋ ಏನೋ ಅಂತಲೇ ನೋಡುತ್ತಾ ನಿಂತಿದ್ದೆ. ನೀನು ನನ್ನ ಮುಖ ನೋಡಿದೆ. ನಿಮ್ಮ ತಾತ ಅಲ್ಲೇ ಕೂತಿದ್ದಂತೆಯೇ, ನನ್ನ ಜ್ವರದ ಬೆವರು ಹಿಡಿದಿದ್ದ ಆ ವೇಲನ್ನು ನೀನು ನಿನ್ನ ಕೊರಳಿಗೆ ಸುತ್ತಿಕೊಂಡೆ. ಅದಕ್ಕೇ ನಾವಿನ್ನೂ ಗೆಳತಿಯರು. ಆದರೂ ಆ ಬಕೆಟ್ಟು ನನಗೆ ಮರೆತುಹೋಗಲಿಲ್ಲ ದೀಪಿ.

ಹೊಸ ಸೀಟಿನಲ್ಲಿ ಅಪ್ಪನನ್ನು ಯಾರು ಬೇಕಾದರೂ ಕೂರಿಸಬಹುದಿತ್ತು. ನನಗೆ ಅವನು ಕೂರಬೇಕಾಗಿದ್ದದ್ದು ಆ ಸೀಟಿನಲ್ಲಿ.

ಯುಗಾದಿಗೆ ಬಾ. ಮದ್ದೂರಿಗೆ ಗೂಳಿಯಲ್ಲೇ ಕರೆಯಲು ಬರುತ್ತೇವೆ. ಮುಂದೆ ಮೂವರು ಕೂರಬಹುದು. ನೀನು ನಡುವೆ ಕೂತುಕೊ, ನಿದ್ದೆ ಬಂದರೆ ಅಪ್ಪನಿಗೆ ಒರಗಿಕೊ. ಕಿಟಕಿಯ ಪಕ್ಕ ಮಾತ್ರ ಕೇಳಬೇಡ, ಅವನು ಕೊಡುವುದಿಲ್ಲ.